ಬಿಸಿಲೂಟ

ನೆನೆದ ಗೋಣಿತಟ್ಟಿನ ಕೆಳಗೆ ಬಿಲ್ವಪತ್ರಿ, ಮರುಗ, ಒಂದಿಷ್ಟು ಕಣಗಿಲೆ ಹೂವು. ನಸುಕಿನಲ್ಲಿ ಅಪ್ಪ ಬುಟ್ಟಿಯ ಮೇಲಿನ ಗೋಣಿ ಸರಿಸಿದೊಡನೆ ಏಳುತ್ತಿದ್ದ ಆ ಹಸಿ ವಾಸನೆ, ಎಲೆಯನ್ನು ಅಂಗೈಯಲ್ಲಿ ಹೊಸಕಿದಾಗ ಬರುವಂಥದ್ದು, ಐವತ್ತು ವರ್ಷ ಕಳೆದರೂ ನೀಲಾಂಬಿಕೆಯ ಮೂಗಿನಲ್ಲಿ ಹಾಗೇ ಉಳಿದಿತ್ತು. ಅಪ್ಪ ಹೂಗಾರ. ದಿನವೂ ಮನೆಮನೆಗೆ ಪೂಜೆಯ ಪತ್ರಿ, ಹೂವು ಮುಟ್ಟಿಸುತ್ತಿದ್ದ. ಮನೆಯವರು ಅವನ ಖಾಲಿಯಾದ ಬುಟ್ಟಿಗೆ ರೊಟ್ಟಿ ಹಾಕುತ್ತಿದ್ದರು. ದಾರಿಯಲ್ಲಿ ಪುಟ್ಟ ನೀಲಾಂಬಿಕೆ ಬುಟ್ಟಿಯೊಳಗೆ ಇಣುಕಿ ಒಂದು, ಎರಡು ಎಂದು ಶುರು ಮಾಡಿದರೆ ಅಪ್ಪ ಅವಳ ಕೈ ಹಿಡಿದುಬಿಡುತ್ತಿದ್ದ.

"ಎಣಿಸಬಾರದವ್ವ. ಕೊಟ್ಟವರೂ ಎಣಿಸಿಲ್ಲ, ನಾವೂ ಎಣಿಸೂದು ಬ್ಯಾಡ."

ಆ ಮನೆಯಲ್ಲಿ ಇದು ವ್ರತದ ಹಾಗೆ ನಡೆದು ಬಂದಿತ್ತು. ತಮ್ಮ ಬಾಗಿಲಿಗೆ ಬಂದವರಿಗೆ ಕೊಡುವಾಗಲೂ ಅಷ್ಟೇ. ಎಷ್ಟು ಕೊಟ್ಟೆವೆಂದು ಬಾಯಲ್ಲಿ ಆಡಬಾರದು, ಮನಸ್ಸಿನಲ್ಲೂ ಇಟ್ಟುಕೊಳ್ಳಬಾರದು.

ಆ ಹುಡುಗಿ ಮುಂದೆ ಸಸ್ಯಶಾಸ್ತ್ರ ಓದಿ ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದಳು. ನಿವೃತ್ತಿಯಾದ ಮೇಲೆ ಹಿರೇಖಣಿಗೆ, ತೀರಿಕೊಂಡ ಅಣ್ಣನ ಮನೆಗೆ ಬಂದು ಅತ್ತಿಗೆಯ ಜೊತೆ ಉಳಿದಳು. ಹಿರೇಖಣಿ ಕೆಂಪು ಕಲ್ಲಿನ ಊರು. ಊರಿನ ಮುಕ್ಕಾಲು ಮಂದಿ ಬೆಳಗಿನಿಂದ ಸಂಜೆಯವರೆಗೆ ಕಲ್ಲುಖಣಿಯಲ್ಲಿ, ನೆತ್ತಿಯ ಮೇಲೆ ನೆರಳಿಲ್ಲದೆ ದುಡಿಯುವವರು. ಇಷ್ಟು ಬಿಸಿಲು ಬೀಳುವ ಊರೆಂದೇ ಸೌರಾನ್ನ ಸಂಶೋಧನಾ ಕೇಂದ್ರವನ್ನು ಅಲ್ಲಿ ಕಟ್ಟಿದ್ದರು. ನೀಲಾಂಬಿಕೆಗೆ ಅಲ್ಲಿ ಕೆಲಸ ಸಿಕ್ಕಿತು.

ಕೇಂದ್ರದವರು ಮಾಡಿದ್ದನ್ನು ಹೇಳುವುದು ಸುಲಭ. ಎಲೆಯ ಕೋಶಗಳಲ್ಲಿ ಹಸಿರು ಕಣಗಳಿರುತ್ತವೆ. ಬಿಸಿಲಿನ ಬಲದಿಂದ ಅವು ನೀರನ್ನೂ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನೂ ಕೂಡಿಸಿ ಸಕ್ಕರೆ ಮಾಡುತ್ತವೆ. ಪ್ರಾಣಿಯ ಕೋಶದಲ್ಲಿ ಅವಿಲ್ಲ. ಅದಕ್ಕೇ ಪ್ರಾಣಿಯಾದದ್ದು ಇನ್ನೊಂದು ಜೀವ ಮಾಡಿಟ್ಟದ್ದನ್ನು ತಿಂದು ಬದುಕಬೇಕು. ಆ ಕಣಗಳು ಮನುಷ್ಯನ ಚರ್ಮದೊಳಗೆ ಬದುಕಿ ಉಳಿಯುವಂತಾದರೆ? ಏಳು ಚುಚ್ಚುಮದ್ದು, ಒಂದು ತಿಂಗಳ ಜ್ವರ. ಆಮೇಲೆ ಮೈಬಣ್ಣ ಬೇವಿನೆಲೆಯ ಹಾಗೆ ಆಗುತ್ತಿತ್ತು. ಬೆವರು ಕೂಡ ಹೊಸಕಿದ ಎಲೆಯ ವಾಸನೆ ಹೊಡೆಯುತ್ತಿತ್ತು.

ಆ ವಾಸನೆಯೇ ನೀಲಾಂಬಿಕೆಯನ್ನು ದಾರಿ ತಪ್ಪಿಸಿದ್ದು.

ಮೊದಲ ಪರೀಕ್ಷೆಗೆ ಆರು ಮಂದಿ ಕಲ್ಲು ಒಡೆಯುವವರು ಬಂದರು. ಎರಡು ತಿಂಗಳು ಅವರನ್ನು ಕೇಂದ್ರದ ಅಂಗಳದಲ್ಲಿ ಬಿಸಿಲಿಗೆ ಕೂರಿಸುವುದು, ಅರ್ಧ ಊಟ ಕೊಡುವುದು, ದಿನಾ ತೂಗುವುದು. ಮೈ ಇಳಿಯದಿದ್ದರೆ ಉಳಿದರ್ಧ ಊಟವನ್ನು ಬಿಸಿಲೇ ಕೊಟ್ಟಿತೆಂದು ಅರ್ಥ. ತೂಗುವ ಕೆಲಸ ನೀಲಾಂಬಿಕೆಯದು. ಆರು ಮಂದಿಯಲ್ಲಿ ಮಾನಪ್ಪ, ಹುಲಿಗೆವ್ವ ಎಂಬ ಗಂಡ ಹೆಂಡತಿಯೂ ಇದ್ದರು. ಮೊದಲ ದಿನ ಮಾನಪ್ಪ ತೂಕದ ಯಂತ್ರದ ಮೇಲೆ ಹತ್ತಿ ನಿಂತಾಗ ಅಪ್ಪನ ಬುಟ್ಟಿಯ ವಾಸನೆ ಘಮ್ಮೆಂದು ಬಂತು. ನೀಲಾಂಬಿಕೆಯ ಕಣ್ಣು ಒದ್ದೆಯಾಯಿತು. ಮರುದಿನ ಅವಳು ಮನೆಯಿಂದ ಶೇಂಗಾ ಉಂಡಿಯ ಡಬ್ಬಿ ತಂದಳು.

ಅತ್ತಿಗೆ ಗಿರಿಜವ್ವ ಖಡಕ್ ರೊಟ್ಟಿ, ಶೇಂಗಾ ಉಂಡಿ ಮಾಡಿ ಮಾರುವವಳು. ಮನೆಯಲ್ಲಿ ಉಂಡಿಗೆ ಬರವಿರಲಿಲ್ಲ. "ಕೇಂದ್ರದಾಗಿನ ಮಂದಿಗೆ ಒಯ್ತೀನಿ ವೈನಿ" ಎಂದರೆ ಗಿರಿಜವ್ವ ಡಾಕ್ಟರುಗಳಿಗೆ ಎಂದುಕೊಂಡು, ಬೆಲ್ಲ ಹೆಚ್ಚು ಹಾಕಿ, ಮುಷ್ಟಿ ಗಾತ್ರದ ಉಂಡಿ ಕಟ್ಟಿಕೊಡುತ್ತಿದ್ದಳು. ಎರಡು ತಿಂಗಳೂ ಡಬ್ಬಿ ತಪ್ಪಲಿಲ್ಲ. ಕೇಂದ್ರದ ನಮೂನೆಯಲ್ಲಿ ಅಡುಗೆಮನೆಯಿಂದ ಬಂದ ಊಟಕ್ಕಷ್ಟೇ ಜಾಗವಿತ್ತು. ಪ್ರೀತಿಗೆ ಕೊಟ್ಟದ್ದನ್ನು ಬರೆಯುವುದಿರಲಿ, ಎಣಿಸುವ ಯೋಚನೆಯೂ ಅವಳಿಗೆ ಬರಲಿಲ್ಲ. ತಿಂದವರೂ ಬಾಯಿ ಬಿಡಲಿಲ್ಲ.

ಎರಡು ತಿಂಗಳಾದರೂ ಒಬ್ಬರ ತೂಕವೂ ಇಳಿಯಲಿಲ್ಲ. ಕೇಂದ್ರದ ನಿರ್ದೇಶಕ ಡಾ. ಇಂದುಧರ ಕೈಯಾರೆ ಎಲ್ಲರಿಗೂ ಪೇಡೆ ಹಂಚಿದರು.

* * *

ಅದಾಗಿ ಎರಡು ವರ್ಷವಾಗಿತ್ತು. ಹಸಿರಾದವರಿಗೆ ಮನೆ ಕೊಡುತ್ತಾರೆಂದು, ಕೆಲಸ ಮೊದಲು ಅವರಿಗೇ ಎಂದು, ಹಿರೇಖಣಿಯಲ್ಲಿ ಮೂರು ಸಾವಿರ ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಆಮೇಲೆ ನಿಯಮ ಬಂತು. ಹಸಿರಾದವರ ಪಡಿತರಕ್ಕೆ ಹಸಿರು ಚೀಟಿ, ಆ ಚೀಟಿಯವರಿಗೆ ಅರ್ಧ ಪಡಿ. ಖಣಿಯ ಊಟದ ಮನೆ ಅವರಿಗೆ ಬಂದ್. ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗಿದಾಗ ಉಳಿದವರು ಬುತ್ತಿ ಬಿಚ್ಚಿದರೆ, ಹಸಿರು ಮಂದಿ ಬಂಡೆಯ ಮೇಲೆ ಹತ್ತಿ, ಗಂಡಸರು ಅಂಗಿ ತೆಗೆದು, ಹೆಂಗಸರು ತೋಳು ಮೇಲೇರಿಸಿ, ಸೂರ್ಯನ ಕಡೆ ಮುಖ ಮಾಡಿ ಕೈ ಚಾಚಿ ನಿಲ್ಲಬೇಕು. ಒಂದು ತಾಸು. ಆದೇಶದ ಕಾಗದದಲ್ಲಿ ಅದಕ್ಕೆ ಬಿಸಿಲೂಟ ಎಂದು ಹೆಸರಿಟ್ಟಿದ್ದರು.

ಕೆಳಗೆ ಬುತ್ತಿ ಬಿಚ್ಚಿದವರು ಸುಮ್ಮನಿರುತ್ತಿರಲಿಲ್ಲ. "ಏ, ಬೇರಿಗೆ ನೀರು ಹಾಕ್ಲ್ಯಾ?" ಎಂದು ಒಬ್ಬ ಕೂಗುವನು. "ಹಕ್ಕಿ ಬಂದು ಕುಂತಾವು, ಅಲುಗಬ್ಯಾಡ್ರಿ" ಎಂದು ಇನ್ನೊಬ್ಬ. ಕಿರಾಣಿ ಅಂಗಡಿಯವನು ಹಸಿರು ಕೈ ಚಾಚಿದರೆ ಜೋಳದ ಚೀಲದ ಬಾಯಿ ಕಟ್ಟಿಬಿಡುವನು. ಕಂಟ್ರಾಕ್ಟರು ಬುತ್ತಿಯ ಗೊಡವೆಯಿಲ್ಲದ ಹಸಿರಾಳುಗಳನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಿದ್ದರು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಗಿರಿಜವ್ವನ ಮಗ ಶಿವಪುತ್ರನೂ ಒಬ್ಬ. ಅವನೀಗ ಲಾರಿ ಕ್ಲೀನರಾಗಿ ಊರೂರು ಅಲೆಯುತ್ತಿದ್ದ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಗಿರಿಜವ್ವ ಹೇಳಿದಳು, "ನಿನ್ನಿ ಒಬ್ಬಾಕಿ ಹಸಿರವ್ವ ಬಂದಿದ್ಲು ಬಾಗಲಿಗೆ. ನಾಕು ರೊಟ್ಟಿ ಕೊಡ್ರಿ ಅಂದ್ಲು. ಬಿಸಿಲಾಗ ನಿಂದರು ಹೋಗವಾ ಅಂದೆ."

"ಹಸಿವಾಗಿರಬೇಕು ವೈನಿ."

"ಗಿಡಕ್ಕ ಎಂಥಾ ಹಸಿವಿ? ಗಿಡ ತನ್ನ ಅಡಿಗಿ ತಾನ ಮಾಡ್ಕೋತೈತಿ ಅಂತ ನೀನ ಕಾಲೇಜಿನ್ಯಾಗ ಕಲಿಸಿಲ್ಲೇನು?"

"ಕಲಿಸೀನಿ."

"ಮತ್ತ? ಅವರಿಗೆ ಬಿಸಿಲೂ ಬೇಕು, ನಮ್ಮ ಜ್ವಾಳಾನೂ ಬೇಕು. ನನ್ನ ಮಗನ ಕೆಲಸ ತಿಂದದ್ದು ಸಾಲದೇನು? ನನ್ನ ಕೈಯಿಂದ ಅವರಿಗೆ ಒಂದು ಹನಿ ನೀರು ಸೈತ ಬೀಳೂದಿಲ್ಲ, ತಿಳ್ಕೋ."

ರೊಟ್ಟಿಯ ಮೇಲೆ ಏಟು ಜೋರಾಗಿ ಬಿತ್ತು. ಬೈದು ಮುಗಿಸಿದ ಮೇಲೂ ಗಿರಿಜವ್ವ ನಾದಿನಿಯ ತಾಟಿಗೆ ಮೊದಲ ಮೆತ್ತನೆಯ ರೊಟ್ಟಿಯನ್ನೇ ಹಾಕಿದಳು.

ಅಂದು ಕೇಂದ್ರಕ್ಕೆ ಹೋದಾಗ ಕಾವಲುಗಾರ ಮಲಿಕಸಾಬ ಗೇಟಿನಲ್ಲೇ ಸುದ್ದಿ ಹೇಳಿದ. "ಅಕ್ಕಾರ, ನಿಮ್ಮ ಮಾನಪ್ಪ ಬಿದ್ದಾನ್ರಿ. ನಿನ್ನಿ ಬಿಸಿಲೂಟಕ್ಕ ನಿಂತಿದ್ನಂತ. ಕಣ್ಣಿಗೆ ಕತ್ತಲ ಬಂದು ಮ್ಯಾಲಿನ ಬಂಡಿಗಲ್ಲಿಂದ ಕೆಳಗ. ಬೆನ್ನು ಮುರದೈತಿ."

ನೀಲಾಂಬಿಕೆ ಒಳಗೆ ಹೋಗದೆ ಹಾಗೇ ಹಿಂದಿರುಗಿ ಹಸಿರು ಕಾಲೊನಿಯ ದಾರಿ ಹಿಡಿದಳು.

ಅಲ್ಲಿನ ಮನೆಗಳಿಗೆಲ್ಲ ಪಾರದರ್ಶಕ ಪ್ಲಾಸ್ಟಿಕ್ ತಗಡಿನ ಚಾವಣಿ. ಮನೆಯೊಳಗಿದ್ದರೂ ಬಿಸಿಲು ಸಿಗಲೆಂದು ಹಾಗೆ ಕಟ್ಟಿದ್ದರು. ಒಳಗೆ ಕಾಲಿಟ್ಟರೆ ಒಲೆಯೊಳಗೆ ಹೊಕ್ಕಂತೆ. ಮಾನಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಮೈಯ ಹಸಿರು ಒಣಗಿ, ಪಕ್ಕೆಲುಬು ಎದ್ದು, ಕಣ್ಣು ಗುಳಿಬಿದ್ದಿದ್ದವು. ಹುಲಿಗೆವ್ವ ಅವನ ಮುಖಕ್ಕೆ ಹಳೆಯ ಸೀರೆ ಅಡ್ಡ ಹಿಡಿದು ನೆರಳು ಮಾಡಿದ್ದಳು.

"ಬರ್ರಿ ಅಕ್ಕಾರ," ಎಂದಳು ಏಳದೆ. "ನೋಡ್ರಿ ನಿಮ್ಮ ಗಿಡಾನ. ನಟ್ಟ ಜಾಗಾ ಬಿಟ್ಟು ಅಲುಗೂದಿಲ್ಲ ಈಗ."

"ಹಂಗನಬ್ಯಾಡ," ಮಾನಪ್ಪ ಕ್ಷೀಣವಾಗಿ ಅಂದ. "ಅಕ್ಕಾರು ನಮಗ ಉಂಡಿ ಕೊಟ್ಟಾರ."

"ಕೊಟ್ಟಾರ. ಅದಕ್ಕ ಅವಾಗ ನಾವು ಬದಿಕಿದ್ದು." ಹುಲಿಗೆವ್ವ ತಿರುಗಿ ನೀಲಾಂಬಿಕೆಯನ್ನು ನೇರವಾಗಿ ನೋಡಿದಳು. "ಒಬ್ಬೊಬ್ಬರಿಗೆ ಬೆಳಿಗ್ಗಿ ಎರಡು, ಮಧ್ಯಾಹ್ನ ಎರಡು. ದಿನಕ್ಕ ನಾಕು. ಈಗ ಆ ನಾಕು ಉಂಡಿ ಎಲ್ಲಿಂದ ತರೂನ್ರಿ?"

"ನಾಕು?"

"ನಿಮಗ ಗೊತ್ತಿಲ್ಲೇನ್ರಿ?"

"ನಾ ಎಣಿಸಿರಲಿಲ್ಲ ಹುಲಿಗೆವ್ವ."

"ನಾ ಎಣಿಸೀನಿ. ಹೊಟ್ಟಿ ತುಂಬಿದವರು ಬಿಡ್ತಾರ. ಹಸದಾಕಿ ಎಣಸ್ತಾಳ."

ನೀಲಾಂಬಿಕೆ ಹೊರಗೆ ಬಂದು, ದಾರಿಬದಿಯ ಬೇವಿನ ಮರದ ಕೆಳಗೆ ನಿಂತಳು. ಲೆಕ್ಕ ತಾನಾಗಿ ತಲೆಯೊಳಗೆ ಓಡತೊಡಗಿತು. ಮುಷ್ಟಿ ಗಾತ್ರದ ನಾಲ್ಕು ಶೇಂಗಾ ಉಂಡಿ ಎಂದರೆ ಕೂತಿರುವ ಮನುಷ್ಯನ ಅರ್ಧ ದಿನದ ಊಟ. ಮೇಲೆ ನೋಡಿದಳು. ಒಂದೊಂದು ಟೊಂಗೆಯಲ್ಲೂ ಸಾವಿರ ಎಲೆ, ಕಾಗದದಷ್ಟು ತೆಳ್ಳಗೆ, ಒಂದರ ನೆರಳು ಇನ್ನೊಂದರ ಮೇಲೆ ಆದಷ್ಟೂ ಬೀಳದಂತೆ ಹರಡಿಕೊಂಡಿದ್ದವು. ಈ ಎಲೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಒಕ್ಕಣೆಯ ಕಣವೇ ತುಂಬೀತು. ಇಷ್ಟೆಲ್ಲ ಗಳಿಸುವ ಮರಕ್ಕೆ ಖರ್ಚೇನಿದೆ? ಬಿಸಿ ರಕ್ತವಿಲ್ಲ, ಬಡಿದುಕೊಳ್ಳುವ ಎದೆಯಿಲ್ಲ, ಯೋಚಿಸುವ ತಲೆಯಿಲ್ಲ. ನಿಂತಲ್ಲೇ ನಿಂತು ನಿಧಾನವಾಗಿ ಬೆಳೆಯುತ್ತದೆ. ಮನುಷ್ಯನ ಚರ್ಮ ಒಂದು ಬಾಗಿಲಿನಷ್ಟು ಅಗಲ, ಅದರಲ್ಲೂ ಬಿಸಿಲಿಗೆ ಬೀಳುವುದು ಅರ್ಧ. ಆ ಅರ್ಧ ಬಾಗಿಲು ದಿನವಿಡೀ ದುಡಿದರೂ ಕೊಡುವುದು ಒಂದು ರೊಟ್ಟಿ. ಎದೆ ಬಡಿಯಲು, ಮೈ ಬೆಚ್ಚಗಿರಲು, ಹತ್ತು ಸೇರಿನ ಸುತ್ತಿಗೆ ಎತ್ತಲು ಒಂದು ರೊಟ್ಟಿ.

ಗಿಡಕ್ಕೂ ಪ್ರಾಣಿಗೂ ಇರುವ ಅಂತರ ಬಣ್ಣದ್ದಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ತಾನೇ. ಆದರೂ ತಕ್ಕಡಿ ಹೇಳಿದ್ದನ್ನು ನಂಬಿದಳು. ಆ ತಕ್ಕಡಿಗೆ ಸುಳ್ಳು ಕಲಿಸಿದವಳೂ ತಾನೇ.

ಸಂಜೆ ಅಂಚೆಪೆಟ್ಟಿಗೆ ತೆರೆಯುವ ಮೊದಲು ಅವಳು ಒಂದು ಪತ್ರ ಬರೆದು ಹಾಕಿದಳು. ಬಿಸಿಲೂಟವನ್ನು ಜಿಲ್ಲೆಯ ಇನ್ನೂ ಹನ್ನೊಂದು ಖಣಿಗಳಿಗೆ ಹಬ್ಬಿಸಬೇಕೇ ಎಂದು ನೋಡಲು ಮುಂದಿನ ಗುರುವಾರ ಪರಿಶೀಲನಾ ಸಮಿತಿ ಬರುವುದಿತ್ತು. ಪತ್ರ ಅದರ ಮುಖ್ಯಸ್ಥೆಗೆ.

* * *

"ನೀವು ಉಂಡೆ ಕೊಟ್ಟಿದ್ದಕ್ಕೆ ಸಾಕ್ಷಿ ಏನಿದೆ ಮೇಡಂ?" ಮರುದಿನ ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಡಾ. ಇಂದುಧರ ಕೇಳಿದರು. ಅವರು ದಕ್ಷಿಣದ ಕಡೆಯವರು, ದನಿ ಎತ್ತಿ ಮಾತಾಡಿದವರಲ್ಲ.

"ಸಾಕ್ಷಿ ನಾನ ಅದೀನ್ರಿ ಸರ್."

"ನೀವು ಹೇಳೋದು ನಿಜ ಆದ್ರೆ ಆ ಮನುಷ್ಯ ಬಿದ್ದಿದ್ದಕ್ಕೆ ನೀವು ಕಾರಣ. ಸುಳ್ಳಾದ್ರೆ ಕೇಂದ್ರದ ಹೆಸರು ಕೆಡಿಸಿದ್ದಕ್ಕೆ ನೀವು ಕಾರಣ. ಯಾವುದು ಬೇಕು, ಆರಿಸ್ಕೊಳ್ಳಿ."

"ಮೊದಲನೇದು."

ಅವರು ಎದ್ದು ಬಾಗಿಲು ಮುಚ್ಚಿದರು. "ಯಾರಿಗೂ ಹೇಳ್ಬೇಡಿ. ವಯಸ್ಸಾಗಿದೆ, ಮನೇಲಿರಿ. ನಾನು ಮೆಲ್ಲಗೆ ಪಡಿ ಹೆಚ್ಚಿಸೋ ಹಾಗೆ ಬರೀತೀನಿ. ಒಂದು ವರ್ಷ, ಒಂದೂವರೆ ವರ್ಷ."

"ಅಷ್ಟರಾಗ ಇನ್ನೆಷ್ಟ ಮಂದಿ ಬಂಡಿಗಲ್ಲ ಮ್ಯಾಲಿಂದ ಬೀಳಬೇಕ್ರಿ? ಉಸಿರುಕೋಣಿ ತೆಗಸ್ರಿ. ಸಮಿತಿ ಮುಂದನ ನೋಡೂನು."

ಉಸಿರುಕೋಣೆ ಕೇಂದ್ರದ ಹಿತ್ತಿಲಲ್ಲಿದ್ದ ಗಾಜಿನ ಗೂಡು, ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಒಂದು ಕೊಳವೆಯಿಂದ ಗಾಳಿ ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಬರುವ ಗಾಳಿಯಲ್ಲಿ ಇಂಗಾಲದ ಅನಿಲ ಹೆಚ್ಚಿತೋ ಇಳಿಯಿತೋ ಎಂದು ಮುಳ್ಳು ತೋರಿಸುತ್ತದೆ. ಗಳಿಸುವ ಜೀವ ಆ ಅನಿಲವನ್ನು ಎಳೆದುಕೊಳ್ಳುತ್ತದೆ, ಖರ್ಚು ಮಾಡುವ ಜೀವ ಹೊರಬಿಡುತ್ತದೆ. ಇದನ್ನು ಮುಚ್ಚಿಡಲು ಯಾವ ಉಂಡಿಗೂ ಆಗದು. ಮೊದಲ ಪರೀಕ್ಷೆಯಲ್ಲಿ ಅವಸರಕ್ಕೆ ಅದನ್ನು ಬಳಸಿರಲಿಲ್ಲ. ಈಗ ಅದರ ತುಂಬ ಮುರಿದ ಕುರ್ಚಿಗಳಿದ್ದವು.

"ಸಮಿತಿಗೆ ಇದೆಲ್ಲ ಹೇಳೋ ಅಗತ್ಯ ಇಲ್ಲ," ಎಂದರು ಇಂದುಧರ.

"ಪತ್ರ ನಿನ್ನೇನ ಹೋಗೇತ್ರಿ."

ಅವರ ಮುಖ ಗಂಟಿಕ್ಕಿತು. "ಸೋತ್ರೆ, ತಲೆ ಕೆಟ್ಟಿದೆ ಅಂತ ನಿಮ್ಮ ಕೈಯಲ್ಲೇ ಬರೆದುಕೊಡ್ತೀರಾ?"

"ಬರದು ಕೊಡ್ತೀನಿ."

ಹುಲಿಗೆವ್ವನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು.

"ಈಗ ನನ್ನ ಗಾಜಿನ್ಯಾಗ ಕುಂಡರಸ್ತೀರಿ? ಒಮ್ಮೆ ನಿಮ್ಮ ಮಾತು ಕೇಳಿ ಗಂಡ ಹಾಸಿಗಿ ಹಿಡಿದಾನ."

"ಈ ಸಲ ನಾನೂ ಕುಂಡರ್ತೀನಿ. ಹಸಿದ ಹೊಟ್ಟೀಲೇ ಮಾಡಬೇಕು. ನೀ ಹಿಂದಿನ ದಿನ ಸಂಜಿಯಿಂದ ಏನೂ ತಿನ್ನುವಂಗಿಲ್ಲ. ನಾನೂ ತಿನ್ನೂದಿಲ್ಲ."

"ನಮಗದು ಹೊಸಾದಲ್ಲ. ನಿಮಗ ನೋಡ್ರಿ." ಅವಳು ಒಳಗೆ ಮಲಗಿದ್ದ ಗಂಡನ ಕಡೆ ತಿರುಗಿ ನೋಡಿದಳು. "ಬರ್ತೀನಿ. ನಿಮ್ಮ ಸಲುವಾಗಿ ಅಲ್ಲ. ಹನ್ನೊಂದು ಖಣಿ ಮಂದಿ ಸಲುವಾಗಿ. ಆದರ ಒಂದ ಮಾತು ಅಕ್ಕಾರ, ಇನ್ಮ್ಯಾಲ ನಿಮ್ಮ ಕೈಯಿಂದ ನಾ ಏನೂ ತಗೊಳ್ಳೂದಿಲ್ಲ. ನಿಮ್ಮ ಕೈ ಪ್ರೀತಿ ನಮಗ ತಡಕೊಳ್ಳಾಕ ಆಗಲಿಲ್ಲ."

ಸುದ್ದಿ ಊರಿಗೆ ಬೇಗ ಹಬ್ಬಿತು. ಬುಧವಾರ ನೀಲಾಂಬಿಕೆ ಮನೆಗೆ ಬರುವಷ್ಟರಲ್ಲಿ ಗಿರಿಜವ್ವ ಉಂಡಿಯ ಡಬ್ಬಿಯನ್ನು ಪಡಸಾಲೆಯ ನಡುವೆ ಇಟ್ಟುಕೊಂಡು ಕೂತಿದ್ದಳು.

"ಡಾಕ್ಟರಿಗೆ ಅಂತ ಹೇಳಿ ಆ ಮಂದಿಗೆ ತಿನಿಸಿಯೇನು ನನ್ನ ಉಂಡಿ?"

"ಡಾಕ್ಟರ್ ಅಂದಿರಲಿಲ್ಲ ವೈನಿ. ಕೇಂದ್ರದಾಗಿನ ಮಂದಿಗೆ ಅಂದಿದ್ದೆ."

"ಬಾಳ ಶಾಣ್ಯಾಕಿ! ಬೆಲ್ಲ ಹೆಚ್ಚ ಹಾಕಿ ಕಟ್ಟಿದ್ನೆಲ್ಲೋ ನಾ! ನನ್ನ ಮಗನ ಕೆಲಸ ಕಸಗೊಂಡವರನ್ನ ನಾನ ಸಾಕಿದಂಗಾತು. ಊರ ಮಂದಿ ಅನ್ನಾಕತ್ಯಾರ, ಗಿರಿಜವ್ವನ ಉಂಡಿ ತಿಂದು ಒಬ್ಬಂವ ಬೆನ್ನು ಮುರಕೊಂಡ ಅಂತ."

"ತಿಂದು ಬೀಳಲಿಲ್ಲ ವೈನಿ. ಸಿಗದ ಬಿದ್ದ."

ಗಿರಿಜವ್ವ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅಂದು ಸಂಜೆ ನಾದಿನಿ ಊಟಕ್ಕೆ ಏಳದಿದ್ದರೂ ಅವಳು ಕರೆಯಲಿಲ್ಲ.

* * *

ಗುರುವಾರ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕೇಂದ್ರದ ತಂತಿಬೇಲಿಯ ಹೊರಗೆ ಒಂದು ಕಡೆ ಹಸಿರು ಮಂದಿ ಗುಂಪಾಗಿ ನಿಂತಿದ್ದರು. ಇನ್ನೊಂದು ಕಡೆ ಉಳಿದವರು, ಖಣಿ ಕಂಟ್ರಾಕ್ಟರ ಕಡೆಯ ಆಳುಗಳು. ಎರಡೂ ಗುಂಪು ಒಂದೇ ಹೆಸರು ಹಿಡಿದು ಬೈಯುತ್ತಿದ್ದವು. ಒಬ್ಬರಿಗೆ ನೀಲಾಂಬಿಕೆ ಮೋಸ ಮಾಡಿದವಳು, ಇನ್ನೊಬ್ಬರಿಗೆ ಆ ಮೋಸವನ್ನು ಬಿಚ್ಚಿ ಹೇಳಲು ಹೊರಟವಳು.

ಸಮಿತಿಯ ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು. ಕೂತೊಡನೆ ಯಾರೋ ಚಹಾ ತಂದರು. ಅವರು ಹುಲಿಗೆವ್ವನ ಕಡೆ ಒಮ್ಮೆ ನೋಡಿ, ಕಪ್ಪನ್ನು ಮುಟ್ಟದೆ ಹಿಂದಕ್ಕೆ ಕಳಿಸಿದರು. ನೀಲಾಂಬಿಕೆ ಅದನ್ನು ಗಮನಿಸಿದಳು.

ಮೊದಲು ಕುಂಡದಲ್ಲಿದ್ದ ಬಿಲ್ವದ ಗಿಡವನ್ನು ಉಸಿರುಕೋಣೆಯೊಳಗೆ ಇಟ್ಟರು. ಮುಳ್ಳು ಸೊನ್ನೆಗಿಂತ ಕೆಳಗೆ ಇಳಿದು ನಿಂತಿತು.

"ಗಿಡ ಅನಿಲ ಎಳಕೊಳ್ಳಾಕತ್ತೈತ್ರಿ," ಎಂದಳು ನೀಲಾಂಬಿಕೆ. "ಖರ್ಚಿಗಿಂತ ಗಳಿಕಿ ಹೆಚ್ಚು."

ಆಮೇಲೆ ಅವಳೇ ಒಳಗೆ ಹೋಗಿ ಕೂತಳು. ಮುಳ್ಳು ಮೇಲೇರಿ ನಲವತ್ತಕ್ಕೆ ನಿಂತಿತು. ಹೊರಗಿನಿಂದ ಯಾರೋ "ಮುದುಕಿನ್ನ ಅಲ್ಲೇ ಇಟ್ಟು ಕೀಲಿ ಹಾಕ್ರಿ" ಎಂದು ಕೂಗಿದರು, ನಗೆ ಎದ್ದಿತು.

ಹುಲಿಗೆವ್ವನ ಸರದಿ ಬಂದಾಗ ನಗೆ ನಿಂತಿತು. ಅವಳು ತೋಳು ಮೇಲೇರಿಸಿ, ಸೂರ್ಯನಿಗೆ ಮುಖ ಮಾಡಿ, ಬಂಡೆಯ ಮೇಲೆ ನಿಲ್ಲುವ ಹಾಗೆಯೇ ಕೈ ಚಾಚಿ ಕೂತಳು. ಬೇಲಿಯಾಚೆಯ ಹಸಿರು ಮಂದಿಯಲ್ಲಿ ಕೆಲವರ ಕೈ ಅಭ್ಯಾಸಬಲದಿಂದ ತಾವೇ ಮೇಲೆದ್ದವು. ಮುಳ್ಳು ಏರಿತು. ಮೂವತ್ತೈದು.

ಇಂದುಧರ ಮುಂದೆ ಬಂದರು. "ನೋಡಿ, ಮೇಡಂಗಿಂತ ಐದು ಕಡಿಮೆ. ಬಿಸಿಲು ಕೆಲಸ ಮಾಡ್ತಿದೆ."

"ಮಾಡಾಕತ್ತೈತ್ರಿ. ನಾ ಇಲ್ಲ ಅಂದಿಲ್ಲ. ಈಗ ಕರಿ ಬಟ್ಟಿ ಹೊದಸ್ರಿ."

ಗಾಜಿನ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ಒಳಗೆ ಕತ್ತಲೆಯಲ್ಲಿ ಹುಲಿಗೆವ್ವ ಒಬ್ಬಳೇ. ಮುಳ್ಳು ನಿಧಾನವಾಗಿ ನಲವತ್ತಕ್ಕೆ ಬಂತು.

"ಬರೇ ಕುಂತಾಗ ಇದು," ಎಂದಳು ನೀಲಾಂಬಿಕೆ. "ಖಣ್ಯಾಗ ಅವರು ಕುಂಡರೂದಿಲ್ಲ." ಅವಳು ಕಪ್ಪು ಬಟ್ಟೆ ತೆಗೆಸಿ, ಗೂಡಿನ ಬಾಗಿಲು ತೆರೆದು, ಒಂದು ಕಲ್ಲುಗುಂಡನ್ನೂ ಸುತ್ತಿಗೆಯನ್ನೂ ಒಳಗೆ ಸರಿಸಿದಳು. ಹಿಂದಿನ ಸಂಜೆಯಿಂದ ಏನೂ ತಿನ್ನದವಳನ್ನು ಈಗ ಸುತ್ತಿಗೆ ಎತ್ತೆನ್ನುವುದು ಬಾಯಿಗೆ ಬರಲಿಲ್ಲ. ಹುಲಿಗೆವ್ವ ತಾನೇ ಸೆರಗು ಬಿಗಿದು ಎದ್ದಳು.

ಸುತ್ತಿಗೆ ಮೇಲೆದ್ದು ಕಲ್ಲಿನ ಮೇಲೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಬಿಸಿಲು ಅವಳ ಹಸಿರು ತೋಳಿನ ಮೇಲೆ ನೆಟ್ಟಗೆ ಬೀಳುತ್ತಿತ್ತು. ಮುಳ್ಳು ಐವತ್ತು ದಾಟಿತು, ನೂರು ದಾಟಿತು, ನೂರೈವತ್ತಕ್ಕೆ ಹೋಗಿ ನಡುಗುತ್ತ ನಿಂತಿತು.

"ಈಗಲೂ ಬಟ್ಟೆ ಹೊದಿಸಿ," ಎಂದರು ಮುಖ್ಯಸ್ಥೆ ಮೆಲ್ಲಗೆ.

ಕತ್ತಲೆಯೊಳಗಿಂದ ಸುತ್ತಿಗೆಯ ಸದ್ದು ಬರುತ್ತಲೇ ಇತ್ತು. ನೂರೈವತ್ತೈದು.

"ಅಂದರೆ ಬಿಸಿಲು ಕೊಡೋದು ಐದು. ಈಕೆಗೆ ಬೇಕಾಗಿರೋದು ನೂರೈವತ್ತಕ್ಕೂ ಮೇಲೆ," ಎಂದರು ಅವರು. "ಸಾಕು, ಹೊರಗೆ ಕರೀರಿ. ಸಾಕು."

ಹುಲಿಗೆವ್ವ ಹೊರಬರುವಾಗ ಗಾಜಿನ ಗೋಡೆ ಹಿಡಿದುಕೊಂಡಳು. ನೀಲಾಂಬಿಕೆ ಕೈ ಚಾಚಿದಳು. ಅವಳು ಅದನ್ನು ದಾಟಿ ಮುಂದೆ ಹೋದಳು.

ಆದೇಶ ಬರೆಯಲು ಒಂದು ತಾಸು ಹಿಡಿಯಿತು. ನಾಳೆಯಿಂದ ಬಿಸಿಲೂಟ ಇಲ್ಲ. ಹಸಿರು ಚೀಟಿಯವರಿಗೂ ಮಧ್ಯಾಹ್ನ ಖಣಿಯ ಊಟದ ಮನೆ ತೆರೆಯಬೇಕು, ಪಡಿ ಪೂರ್ತಿ ಕೊಡಬೇಕು. ಹನ್ನೊಂದು ಖಣಿಗಳ ಮಾತು ಅಲ್ಲಿಗೇ ನಿಂತಿತು. ಕೆಳಗೆ, ಈ ತಪ್ಪಿಗೆ ತೂಕ ಬರೆದುಕೊಂಡವರು ನೀಡಿದ ಗುಪ್ತ ಆಹಾರವೇ ಕಾರಣ ಎಂಬ ಸಾಲಿತ್ತು. ನೀಲಾಂಬಿಕೆ ಅದರ ಪಕ್ಕದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಡಾ. ಇಂದುಧರ ಅವಳ ಗುರುತಿನ ಚೀಟಿಯನ್ನು ಕೇಳಿ ಪಡೆದರು. "ನಿಮ್ಮಿಂದ ಹತ್ತು ವರ್ಷದ ಕೆಲಸ ಮಣ್ಣಾಯ್ತು," ಎಂದಷ್ಟೇ ಹೇಳಿ ಒಳಗೆ ಹೋದರು.

ಬೇಲಿಯ ಹೊರಗೆ ಓದಿ ಹೇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಮತ್ತ ಬಂದ್ರು ನಮ್ಮ ತಾಟಿಗೆ ಕೈ ಹಾಕಾಕ" ಎಂದು ಈ ಕಡೆಯವರು ಕೂಗಿದರು. "ನಮ್ಮ ಎರಡು ವರ್ಷ ಯಾರು ಕೊಡ್ತಾರ?" ಎಂದು ಆ ಕಡೆಯವರು. ಎಲ್ಲಿಂದಲೋ ಬಂದ ಕಲ್ಲೊಂದು ಉಸಿರುಕೋಣೆಗೆ ಬಡಿದು ಗಾಜು ಸೀಳಿತು. ಪೊಲೀಸರು ಎರಡೂ ಗುಂಪನ್ನು ಚದುರಿಸಿದರು. ಮಲಿಕಸಾಬ ಗೋಡೆಯ ನೆರಳಿಗೆ ಒಂದು ಬೆಂಚು ಎಳೆದು ಹಾಕಿದ.

ಬೆಂಚಿನ ಒಂದು ತುದಿಗೆ ಹುಲಿಗೆವ್ವ, ಇನ್ನೊಂದು ತುದಿಗೆ ನೀಲಾಂಬಿಕೆ ಕೂತರು. ಕೇಂದ್ರದ ಅಡುಗೆಮನೆಯಿಂದ ಯಾರೂ ಬರಲಿಲ್ಲ. ಆದೇಶ ನಾಳೆಯಿಂದ, ಇಂದು ಹಸಿರು ಚೀಟಿಯವರಿಗೆ ಅಲ್ಲಿ ತಾಟಿರಲಿಲ್ಲ.

ಆಗ ಗೇಟಿನಿಂದ ಗಿರಿಜವ್ವ ಬಂದಳು, ಕಂಕುಳಲ್ಲಿ ಬಟ್ಟೆಯ ಗಂಟು. ಯಾರ ಮುಖವನ್ನೂ ನೋಡದೆ ಗಂಟನ್ನು ನೀಲಾಂಬಿಕೆಯ ಮಡಿಲಿಗೆ ಇಟ್ಟಳು.

"ತಿನ್ನು. ನಿನ್ನಿಯಿಂದ ಉಪವಾಸ ಅದಿ. ಸತ್ರ ಊರ ಮಂದಿ ನನಗ ಅಂತಾರ."

ಬಟ್ಟೆ ಬೆಚ್ಚಗಿತ್ತು. ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ವಾಸನೆಯಲ್ಲೇ ಗೊತ್ತಾಯಿತು. ನೀಲಾಂಬಿಕೆ ಗಂಟನ್ನು ಹಾಗೇ ಎತ್ತಿ ಹುಲಿಗೆವ್ವನ ಕಡೆ ಚಾಚಿದಳು.

ಹುಲಿಗೆವ್ವ ತಲೆ ಅಲ್ಲಾಡಿಸಿದಳು. "ಹೇಳೀನಲ್ರಿ ಅಕ್ಕಾರ. ನಿಮ್ಮ ಕೈಯಿಂದ ಬ್ಯಾಡ." ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ, ಅಷ್ಟು ದಣಿದಿದ್ದಳು. "ಮನ್ಯಾಗ ಅಂವ ಹಸಕೊಂಡು ಮಲಗ್ಯಾನ. ನಾ ಏಳ್ತೀನಿ." ಎದ್ದಳು, ಎರಡು ಹೆಜ್ಜೆಗೆ ಗೋಡೆ ಹಿಡಿದು ನಿಂತಳು.

ನೀಲಾಂಬಿಕೆಯ ಕೈ ಗಂಟಿನ ಸಮೇತ ಗಾಳಿಯಲ್ಲೇ ಉಳಿಯಿತು. ಅದನ್ನು ಹಿಂದಕ್ಕೆ ತರಲೂ ತಿಳಿಯಲಿಲ್ಲ, ಮುಂದೆ ಒಯ್ಯಲೂ ತಿಳಿಯಲಿಲ್ಲ.

ಗಿರಿಜವ್ವ ಇಬ್ಬರನ್ನೂ ನೋಡುತ್ತಿದ್ದಳು. ಗೋಡೆಗೆ ಆನಿಸಿದ ಆ ಹಸಿರು ಕೈಯನ್ನು, ಸುತ್ತಿಗೆ ಹಿಡಿದು ಬಿರಿದ ಅಂಗೈಯನ್ನು ನೋಡಿದಳು. ಹುಲಿಗೆವ್ವ ತಲೆ ಎತ್ತಿದಾಗ ಗಿರಿಜವ್ವನಿಗೆ ಆ ಮುಖದ ಗುರುತು ಸಿಕ್ಕಿರಬೇಕು. ನಾಲ್ಕು ರೊಟ್ಟಿ ಕೇಳಿ ಅವಳ ಬಾಗಿಲಿಗೆ ಬಂದಿದ್ದ ಮುಖ.

ಅವಳು ಮುಂದೆ ಬಂದು ನಾದಿನಿಯ ಕೈಯಿಂದ ಗಂಟನ್ನು ತೆಗೆದುಕೊಂಡಳು. ಸಡಿಲಾದ ಬಟ್ಟೆಯ ಗಂಟನ್ನು ಬಿಗಿ ಮಾಡಿದಳು. ಹುಲಿಗೆವ್ವನ ಹತ್ತಿರ ಹೋಗಿ, ಅವಳ ಎರಡೂ ಕೈ ಹಿಡಿದು ಕೂಡಿಸಿ, ಅದನ್ನು ಆ ಕೈಗಳಲ್ಲಿ ಇಟ್ಟಳು.